ಸವೆಯದ ಬಿಲ್ಲೆ

ಟೈಟಾನಿಯಂ ಹಗುರ, ತುಕ್ಕು ಹಿಡಿಯದು, ಆದರೆ ಉಜ್ಜಿದರೆ ಬೇಗ ಸವೆಯುತ್ತದೆ ಎಂದು ಪುಸ್ತಕದಲ್ಲಿದೆ. ಅದನ್ನು ನಂಬಿ ತಕ್ಕಡಿರಾಯ ಹೆಂಡತಿಗೆ ಮಾತು ಕೊಟ್ಟು ಕೆಟ್ಟ. ಪ್ರಯೋಗಾಲಯದಲ್ಲಿ ದಿನವಿಡೀ ಲೋಹದ ಚೂರುಗಳನ್ನು ತೂಗುವವನಾದ್ದರಿಂದ ಅವನಿಗೆ ಆ ಅಡ್ಡಹೆಸರು.

ಸೊಂಟದ ಕೃತಕ ಕೀಲಿಗೆಂದು ತಯಾರಾದ ಹೊಸ ಟೈಟಾನಿಯಂ ಮಿಶ್ರಲೋಹದ ಬಿಲ್ಲೆಯೊಂದು ಯಂತ್ರದಲ್ಲಿ ತಿರುಗುತ್ತಿತ್ತು. ಅದನ್ನು ಉಕ್ಕಿನ ಗುಂಡೊಂದು ಸದಾ ಉಜ್ಜುತ್ತಿತ್ತು. ಬಿಲ್ಲೆ ಒಂದು ಮಿಲಿಗ್ರಾಂ ಸವೆದರೆ ಪರೀಕ್ಷೆ ಮುಗಿದಂತೆ, ತಕ್ಕಡಿರಾಯನಿಗೆ ರಜೆ. ಎರಡು ದಿನದ ಕೆಲಸವೆಂದು ಮನೆಯಲ್ಲಿ ಹೇಳಿ ಇಪ್ಪತ್ತು ದಿನವಾಗಿತ್ತು. ಏಳು ಗುಂಡುಗಳು ಸವೆದು ಬದಲಾದವು. ಮೈಗೆ ಗಟ್ಟಿ ಲೇಪನ ಹಚ್ಚಿಸಿಕೊಂಡಿದ್ದ ಬಿಲ್ಲೆ ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ನಾಳೆ ಹೆಂಡತಿಯ ತಮ್ಮನ ಮದುವೆ, ಇಂದು ಸಂಜೆ ಐದಕ್ಕೆ ರೈಲು. ಹಿಂದಿನ ಇಬ್ಬರು ಭಾವಮೈದುನರ ಮದುವೆಗೂ ಅವನು ಹೋಗಿರಲಿಲ್ಲ.

"ಈ ಸಲವೂ ಬರ್ಲಿಲ್ಲ ಅಂದ್ರೆ ನಾನು ಅಲ್ಲೇ ಇದ್ಬಿಡ್ತೀನಿ. ನೀವು ಬಿಲ್ಲೆ ಜೊತೆ ಸಂಸಾರ ಮಾಡ್ಕೊಳ್ಳಿ," ಎಂದು ಅವಳು ಬೆಳಗ್ಗೆ ಶಾಂತವಾಗಿಯೇ ಹೇಳಿದ್ದಳು.

ಒಂಬತ್ತಕ್ಕೆ ತೂಗಿದ. ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಸುದ್ದಿ ಕೇಳಿ ಸಹೋದ್ಯೋಗಿಗಳು ಕರೆಯದೆಯೇ ಬಂದರು. ಗುಮಾಸ್ತ ಗುಂಡಿನ ಮೇಲಿನ ಭಾರ ಏರಿಸು ಎಂದ; ಏರಿಸಿದ್ದೇ ತಡ, ಯಂತ್ರದ ಬೆಲ್ಟು ಹರಿಯಿತು. ಹೊಸ ಬೆಲ್ಟು ಹಾಕುವಷ್ಟರಲ್ಲಿ ಮಧ್ಯಾಹ್ನ. ಗ್ರಂಥಪಾಲಕಿಯ ಮಾತು ಕೇಳಿ ವೇಗ ಹೆಚ್ಚಿಸಿದಾಗ ಎಣ್ಣೆ ಚಿಮ್ಮಿ, ಪ್ರಯಾಣಕ್ಕೆಂದು ತೊಟ್ಟಿದ್ದ ಬಿಳಿ ಅಂಗಿ ಹಾಳಾಯಿತು.

ಬೆಲ್ಟು ಹಾಕಿದ ಎಲೆಕ್ಟ್ರಿಷಿಯನ್ ತಗ್ಗಿದ ದನಿಯಲ್ಲಿ, "ಕಿಟಕಿ ಹತ್ರ ಹೂಕುಂಡ ಇದೆಯಲ್ಲ, ಅದ್ರಿಂದ ಒಂದು ಚಿಟಿಕೆ ಮರಳು ತೆಗೆದು ಯಂತ್ರದ ಎಣ್ಣೆಗೆ ಹಾಕಿ. ಯಾರು ನೋಡ್ತಾರೆ?" ಎಂದ.

ಹದಿನೆಂಟು ವರ್ಷದಲ್ಲಿ ತಕ್ಕಡಿರಾಯ ಒಂದೂ ಸುಳ್ಳು ತೂಕ ಬರೆದವನಲ್ಲ. ನಾಚಿಕೆಯಾಯಿತು. ಆದರೂ ಹಾಕಿದ. ಯಂತ್ರ ಎರಡು ಗಂಟೆ ಹಲ್ಲು ಕಡಿಯಿತು. ನಾಲ್ಕಕ್ಕೆ ಬಿಲ್ಲೆ ತೊಳೆದು, ಒಣಗಿಸಿ ತೂಗಿದರೆ ಅದೇ ತೂಕ. ಅಷ್ಟರಲ್ಲಿ ಮುಖ್ಯಸ್ಥರು ಬಂದು, ಯಂತ್ರದ ತಟ್ಟೆಯಲ್ಲಿದ್ದ ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಮರಳು ಹಾಕಿದ್ದು ನೀನಾ?"

ತಕ್ಕಡಿರಾಯ ಒಪ್ಪಿಕೊಂಡ. ಈಗಲೇ ಅಮಾನತು ಮಾಡಿದರೆ ಐದರ ರೈಲು ಸಿಗುತ್ತದೆಂದು ಒಳಗೊಳಗೇ ಆಸೆಪಟ್ಟ.

ಮುಖ್ಯಸ್ಥರು ಬಿಲ್ಲೆಯನ್ನು ಭೂತಗನ್ನಡಿಯಲ್ಲಿ ತುಂಬ ಹೊತ್ತು ನೋಡಿದರು. ಒಂದು ಗೀರೂ ಇರಲಿಲ್ಲ.

"ಮರಳಲ್ಲೂ ಸವೀಲಿಲ್ಲ ಅಂದ್ರೆ ಇದು ಬರೀ ಸೊಂಟಕ್ಕಲ್ಲ, ಗಣಿ ಪಂಪುಗಳಿಗೂ ಆಗುತ್ತೆ. ನಮಗ್ಯಾರಿಗೂ ಇದು ಹೊಳೀಲೇ ಇಲ್ಲ ನೋಡು," ಎಂದು ಅವನ ಬೆನ್ನು ತಟ್ಟಿ, ಬೀರುವಿನಿಂದ ಹೊಸ ಬಿಲ್ಲೆಗಳ ಡಬ್ಬಿ ತೆಗೆದರು. "ಇವನ್ನೂ ಮರಳಲ್ಲೇ ತಿರುಗಿಸು. ಐಡಿಯಾ ನಿಂದು, ಬೇರೆಯವರ ಕೈಗೆ ಕೊಡೋದು ಅನ್ಯಾಯ. ಎಲ್ಲಾ ಸವೆದ ದಿನ ಆರಾಮಾಗಿ ರಜೆ ತಗೋ."

ತಕ್ಕಡಿರಾಯ ರೈಲು ನಿಲ್ದಾಣದಲ್ಲಿದ್ದ ಹೆಂಡತಿಗೆ ಫೋನ್ ಮಾಡಿದ. ಯಾಕೆ ಬರಲಿಲ್ಲ ಎಂದು ಅವಳು ಕೇಳಲಿಲ್ಲ.

"ಈ ಸಲ ಎಷ್ಟು ಬಿಲ್ಲೆ?" ಎಂದಷ್ಟೇ ಕೇಳಿದಳು.