ಬೂಷ್ಟಿನ ಗೋತ್ರ

ಎಲ್ಲ ಬೆಳಗಿನಂತೆ ಅಂದೂ ನಲ್ಲಿಯ ನೀರು ಹಿಡಿದು, ಅಂಗಳಕ್ಕೆ ರಂಗೋಲಿ ಎಳೆದು, ಬಚ್ಚಲ ಒಲೆ ಹಚ್ಚಿದೆ. ಹಿತ್ತಲ ಗೋಡೆಯ ಕಡೆ ಮಾತ್ರ ನೋಡಲಿಲ್ಲ. ಗೋಡೆಯಾಚೆಯ ಖೈರುನ್ನೀಸಾ ಒಂದು ತಿಂಗಳಿಂದ ನನ್ನೊಡನೆ ಮಾತು ಬಿಟ್ಟಿದ್ದಳು. ಅದುವರೆಗೆ ನಮ್ಮ ಮಜ್ಜಿಗೆ ಆ ಗೋಡೆ ದಾಟಿ ಹೋಗುತ್ತಿತ್ತು, ಅವಳ ಕರಿಬೇವು ಈಚೆ ಬರುತ್ತಿತ್ತು. ಮದುವೆಯಾಗಿ ರಾಯಚೂರಿಗೆ ಬಂದ ನನಗೆ ಮನಬಿಚ್ಚಿ ನಗಲು ಇದ್ದವಳು ಅವಳೊಬ್ಬಳೇ.

ಜಗಳದ ಮೂಲ ಗೋವಿನಜೋಳ. ಬಾಗಲವಾಡದ ನಮ್ಮ ಹೊಲದಿಂದ ಬಂದ ತೆನೆಗಳನ್ನು ಹಂಚಿಕೊಂಡು, ಅವರವರ ಮನೆಯಲ್ಲಿ ಬೇಯಿಸಿ ತಿಂದು, ಅರ್ಧಂಬರ್ಧ ಕಾಳು ಉಳಿದ ದಿಂಡುಗಳನ್ನು ಒಲೆಗಾಗುತ್ತವೆಂದು ಗೋಡೆಯ ಅತ್ತಿತ್ತ ಬುಟ್ಟಿಗಳಲ್ಲಿಟ್ಟಿದ್ದೆವು. ಒಂದು ಬೆಳಿಗ್ಗೆ ನೋಡಿದರೆ ಎರಡೂ ಬುಟ್ಟಿಯ ಮೇಲೆ ಕಿತ್ತಳೆ ಬಣ್ಣದ ಬೂಷ್ಟು! ನನ್ನ ಕೈಯ ಕೇಸರಿಭಾತಿಗೆ ಒಮ್ಮೆಯೂ ಅಂಥ ಬಣ್ಣ ಹತ್ತಿದ್ದಿಲ್ಲ.

"ಇದು ಆ ಕಡಿಂದನ ಹಾರಿ ಬಂದದ. ನಮ್ಮ ಮನ್ಯಾಗ ಇಂಥಾದ್ದು ಎಂದ್ ಇತ್ತು?" ಎಂದರು ಅತ್ತೆ. ಅವರ ದನಿ ಸಣ್ಣದಲ್ಲ. ಮರುದಿನದಿಂದ ಕರಿಬೇವು ಬರಲಿಲ್ಲ. ಕಾನ್ವೆಂಟಿನ ಸಿಸ್ಟರುಗಳ ಶಾಲೆಯಲ್ಲಿ ಕಲಿತ ನನಗೆ ಯಾವ ಕೊಳೆಗೂ ಬಿಸಿನೀರೇ ಮದ್ದೆಂಬ ನಂಬಿಕೆ. ದಿನಾ ಬುಟ್ಟಿಗೆ ಸುರಿದೆ. ಬೂಷ್ಟು ದಿನಾ ಇನ್ನಷ್ಟು ಕಳೆಗೂಡಿತು.

ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದ ನಾದಿನಿ ಸುಧಾ ರಜೆಗೆ ಬಂದವಳು ಬುಟ್ಟಿ ಕಂಡು ಕುಣಿದಾಡಿದಳು. "ಬರೇ ಬಣ್ಣ ನೋಡಿ ಇದರ ಕುಲ ಹೇಳಾಕ ಆಗಂಗಿಲ್ಲ, ವೈನಿ. ಲಗ್ನ ಮಾಡಿ ನೋಡಬೇಕು." ಬೂಷ್ಟಿನಲ್ಲಿ ಗಂಡು ಹೆಣ್ಣಿಲ್ಲವಂತೆ, ಎರಡು ಬಗೆಯಷ್ಟೇ. ಕುಲ ಒಂದೇ ಆಗಿ ಬಗೆ ಬೇರೆಯಾದರೆ ಮಾತ್ರ ಕರಿಯ ಬೀಜ ಹುಟ್ಟುತ್ತವೆ. ಆಚೆಯದೇ ಹಾರಿ ಬಂದಿದ್ದರೆ ಬಗೆಯೂ ಒಂದೇ ಇರುತ್ತದೆ, ಏನೂ ಹುಟ್ಟುವುದಿಲ್ಲ; ಅತ್ತೆಯವರ ಮಾತೇ ನಿಲ್ಲುತ್ತದೆ. ಸುಧಾ ಗೋಡೆಯಾಚೆಗೂ ಕೈಚಾಚಿ ಎರಡೂ ಬುಟ್ಟಿಯಿಂದ ಚೂರು ಚೂರು ತೆಗೆದು ಒಂದೇ ಗಾಜಿನ ನಳಿಕೆಯಲ್ಲಿಟ್ಟಳು. ದೇವರ ಮನೆಗೂ ಉಪ್ಪಿನಕಾಯಿ ಜಾಡಿಗಳಿಗೂ ದೂರವಾಗಲೆಂದು ಅದನ್ನು ನನ್ನ ಹೊಲಿಗೆ ಯಂತ್ರದ ಹಿಂದೆ ಬಚ್ಚಿಟ್ಟೆವು. ಯಾರಿಲ್ಲದಾಗ ಇಣುಕುತ್ತಿದ್ದೆ. ಯಾರ ಮದುವೆಗೂ ನಾನು ಅಷ್ಟು ಹರಕೆ ಹೊತ್ತಿರಲಿಲ್ಲ.

ಅಂದು ಬೆಳಿಗ್ಗೆ ಬಚ್ಚಲ ಒಲೆ ಹಚ್ಚಿ ಏಳುವಷ್ಟರಲ್ಲಿ ಸುಧಾ ಕೂಗಿದಳು: "ವೈನಿ, ಲಗೂನ ಬರ್ರಿ!"

ನಳಿಕೆಯ ಗಾಜಿನ ಮೇಲೆ ಕಾಡಿಗೆಯ ಹುಡಿಯಂಥ ಕರಿಯ ಚುಕ್ಕೆಗಳು. ತಾವೇ ಸಿಡಿದು ಅಲ್ಲಿಗೆ ಹಾರಿದ ಬೀಜಗಳಂತೆ! ಕಣ್ಣಿಗೆ ಕಾಣದ ಒಂದೊಂದು ಚೀಲದಲ್ಲಿ ಎಂಟೆಂಟು ಸಾಲಾಗಿದ್ದವಂತೆ: ನಾಲ್ಕು ಈ ಕಡೆಯ ಬಗೆ, ನಾಲ್ಕು ಆ ಕಡೆಯದು. ಎರಡು ಮಕ್ಕಳಿಗೆ ಒಂದು ಹೋಳಿಗೆ ಸಮನಾಗಿ ಹಂಚಲಾರದವಳು ನಾನು. ತಿಂದು ಎಸೆದ ದಿಂಡಿನ ಮೇಲೆ ಕುಳಿತು ಇಷ್ಟು ನ್ಯಾಯವಾಗಿ ಹಂಚುತ್ತಿರುವವರು ಯಾರು? ಅಡುಗೆಮನೆಯಲ್ಲಿಟ್ಟಿದ್ದ ಹಾಲು ಉಕ್ಕಿದ್ದೂ ತಿಳಿಯಲಿಲ್ಲ; ಸೀದ ವಾಸನೆಗೆ ಅತ್ತೆಯೇ ಹುಡುಕಿಕೊಂಡು ಬಂದರು.

"ಅವ್ವಾ, ಅವರದ ಹಾರಿ ಬಂದಿದ್ರ ಸಗೋತ್ರ ಆಗ್ತಿತ್ತು. ಸಗೋತ್ರದಾಗ ಇದಕ್ಕೂ ಕೂಡಿ ಬರಂಗಿಲ್ಲ," ಎಂದಳು ಸುಧಾ.

ಗೋತ್ರ ಕೂಡದೆಂದು ಎಷ್ಟೋ ಒಳ್ಳೆಯ ಸಂಬಂಧಗಳನ್ನು ಹಿಂದಿರುಗಿಸಿದ್ದ ಅತ್ತೆಗೆ ಈ ವಿಜ್ಞಾನ ಒಂದೇ ಏಟಿಗೆ ಅರ್ಥವಾಯಿತು. ನಳಿಕೆಯನ್ನು ಮುಟ್ಟದೆ ಬಗ್ಗಿ ನೋಡಿದರು. "ಹಂಗಾರ ಆ ಹುಡುಗೀನ್ನ ಸುಮ್ಮನ ಅಂದ್ನಲ್ಲ ನಾನು," ಎಂದು ಮಜ್ಜಿಗೆಯ ಗಡಿಗೆಯ ಕಡೆ ತಿರುಗಿ, "ಸಂಜಿಗೆ ಮಜ್ಜಿಗಿ ಕೊಟ್ಟು ಬಾರವಾ. ನಾ ಕೊಟ್ಟೀನಂತ ಹೇಳು," ಎಂದರು.

ನನ್ನ ಬಿಸಿನೀರಿನ ಉಪಚಾರ ಕೇಳಿ ಸುಧಾ ಹಣೆ ಚಚ್ಚಿಕೊಂಡಳು. "ಇದರ ಬೀಜ ಮಲಗಿರ್ತಾವ ವೈನಿ. ಕಾವು ತಗಲಿದ್ರನ ಏಳೋದು!"

ಸಂಜೆ ಗೋಡೆಯ ಬಳಿ ನಿಂತು ಕುಲ, ಬಗೆ, ಬೀಜ, ಬಿಸಿನೀರು ಎಲ್ಲವನ್ನೂ ನಾನೇ ಕಂಡುಹಿಡಿದವಳಂತೆ ವಿವರಿಸಿದೆ. ಖೈರುನ್ನೀಸಾ ಮಜ್ಜಿಗೆಯನ್ನು ಕೊನೆಯ ಗುಟುಕಿನವರೆಗೂ ಕುಡಿದು, ಸೆರಗಿನಿಂದ ತುಟಿ ಒರೆಸಿಕೊಂಡು, ಕರಿಬೇವು ಹರಿಯಲು ತಿರುಗಿದಳು.

"ಯಾರ ಕಡೀ ಕೂಸರೇ ಇರ್ಲಿ, ಅಕ್ಕಾ," ಎಂದಳು ಬೆನ್ನು ಮಾಡಿಕೊಂಡೇ, "ದಿನಾ ಬಿಸಿನೀರು ಹಾಕಿ ಬಾಣಂತನ ಮಾಡಿದವ್ರು ನೀವ ಅಲ್ರೀ?"