ಬಾಲವಿರುವ ಕ್ರಿಯಾಪದ

ಬೀಗಣ್ಣನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂದರೆ ತಪ್ಪಾಗುತ್ತದೆ. ಬರುತ್ತಿತ್ತು, ಆದರೆ ಅರ್ಧ ದಾರಿಯಲ್ಲಿ ನಿಂತುಬಿಡುತ್ತಿತ್ತು. ನಲ್ಲಿ ತಯಾರಿಸುವ ಕಾರ್ಖಾನೆಯೊಂದರ ಉಗ್ರಾಣ ಅವನ ವಶದಲ್ಲಿತ್ತು. ಸೊಂಟದಲ್ಲಿ ಸದಾ ಬೀಗದ ಕೈಗಳ ಗೊಂಚಲು ಜೋತಾಡುತ್ತಿದ್ದುದರಿಂದ ಅವನಿಗೆ ಆ ಹೆಸರು. ಉಗ್ರಾಣದ ಮೇಲ್ವಿಚಾರಕರ ಕುರ್ಚಿ ಖಾಲಿಯಾಗಿತ್ತು. ಅದರ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು. ಹೊಸದಾಗಿ ಬಂದ ಮ್ಯಾನೇಜರ್ ಮೇಡಂಗೆ ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಬಾರದು. ಹಾಗಾಗಿ ಬೀಗಣ್ಣ ಗಡ್ಡ ಹೆರೆಯುವಾಗಲೂ ಬಸ್ಸಿಗೆ ಕಾಯುವಾಗಲೂ "ರನ್, ರ್‍ಯಾನ್, ಬ್ರೇಕ್, ಬ್ರೋಕ್" ಎಂದು ಬಾಯಿಪಾಠ ಮಾಡುತ್ತಿದ್ದ. ಭೂತಕಾಲವೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಕ್ರಿಯಾಪದಗಳ ಹಿಂದೆ ಅಪ್, ಡೌನ್, ಆಫ್ ಎಂಬ ಬಾಲ ಅಂಟಿಕೊಂಡರೆ ಮುಗಿಯಿತು, ಅಲ್ಲಿಯವರೆಗೆ ಸಾಧು ಹಸುವಿನಂತಿದ್ದ ಪದ ಹಿಂಗಾಲೆತ್ತಿ ಒದೆಯುತ್ತಿತ್ತು.

ಆ ದಿನ ಬೆಳಿಗ್ಗೆ ಮೇಡಂ ಮೆಟ್ಟಿಲು ಹತ್ತುತ್ತಿದ್ದವರು ಅವನನ್ನು ಕಂಡು ನಿಂತರು. ಮುಖದ ತುಂಬ ನಗು.

"ಐ ರ್‍ಯಾನ್ ಇನ್‌ಟು ಯುವರ್ ಫಾದರ್ ಇನ್ ಲಾ ಯೆಸ್ಟರ್‌ಡೇ! ಪೂರ್ ಮ್ಯಾನ್, ಹೀ ಬ್ರೋಕ್ ಡೌನ್ ಆನ್ ದ ಬ್ರಿಡ್ಜ್. ಸೋ ಐ ಪಿಕ್ಡ್ ಹಿಮ್ ಅಪ್ ಆಂಡ್ ಡ್ರಾಪ್ಡ್ ಹಿಮ್ ಆಫ್."

"ಥ್ಯಾಂಕ್ಯೂ ಮೇಡಂ," ಎಂದ ಬೀಗಣ್ಣ ಅಭ್ಯಾಸಬಲದಿಂದ. ಮೇಡಂ ಮೀಟಿಂಗ್ ಇದೆಯೆಂದು ಸರಸರನೆ ಮೇಲೆ ಹೋದರು. ಅವರು ಅಂದ ಪದಗಳು ಮಾತ್ರ ಕೆಳಗೇ ಉಳಿದು ಅವನ ತಲೆಯಲ್ಲಿ ಗಿರ್ರನೆ ತಿರುಗತೊಡಗಿದವು.

ಅವನು ನೆಟ್ಟಗೆ ಅಕೌಂಟ್ಸ್ ಕೋಣೆಗೆ ಓಡಿದ. ಅಲ್ಲಿನ ಗುಮಾಸ್ತನನ್ನು ಎಲ್ಲರೂ ಕರೆಯುತ್ತಿದ್ದುದು ಡಿಕ್ಷನರಿ ಎಂದು. ಅವನು ಯಾವ ಪದಕ್ಕೂ ಗೊತ್ತಿಲ್ಲ ಎಂದವನಲ್ಲ.

"ರ್‍ಯಾನ್ ಇನ್‌ಟು ಅಂದ್ರೆ ಏನೋ?"

"ಗಾಡಿ ತಂದು ಗುದ್ದೋದು. ಮೊನ್ನೆ ಪೇಪರಲ್ಲಿತ್ತಲ್ಲ, ಲಾರಿ ರ್‍ಯಾನ್ ಇನ್‌ಟು ಎ ವಾಲ್ ಅಂತ. ಗೋಡೆ ಪೂರ್ತಿ ನೆಲಸಮ."

"ಇದು ಗೋಡೆ ಅಲ್ವೋ, ನಮ್ಮ ಮಾವ! ಮೇಡಂ ಈಗ ನಗ್ತಾ ನಗ್ತಾ ಹೇಳಿ ಹೋದ್ರು."

"ಗೋಡೆಗೇ ಆ ಗತಿ ಅಂದ್ಮೇಲೆ..." ಡಿಕ್ಷನರಿ ಮಾತು ನುಂಗಿದ.

"ಬ್ರೋಕ್ ಡೌನ್?"

"ಮುರಿದು ಕೆಳಗೆ ಬಿದ್ರು."

"ಪಿಕ್ಡ್ ಅಪ್?"

"ಎತ್ಕೊಂಡ್ರು. ಪರವಾಗಿಲ್ಲ, ಅಷ್ಟು ಮನುಷ್ಯತ್ವ ಇದೆ."

"ಡ್ರಾಪ್ಡ್ ಆಫ್?"

ಡಿಕ್ಷನರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಡ್ರಾಪ್ ಅಂದ್ರೆ ಬೀಳಿಸೋದು. ಆಫ್ ಅಂದ್ರೆ ಆಚೆಗೆ. ಇದೆಲ್ಲ ಎಲ್ಲಿ ನಡೀತು ಅಂದ್ರು?"

"ಸೇತುವೆ ಮೇಲೆ..."

"ಅಯ್ಯೋ, ಸಾಕ್ಷಿ ಉಳೀಬಾರ್ದು ಅಂತ ಹೊಳೆಗೆ ಎಸೆದಿದಾಳೆ!" ಎಂದು ಬಾಗಿಲಲ್ಲಿ ನಿಂತಿದ್ದ ಪ್ಯಾಕಿಂಗ್ ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದಳು. "ಅದನ್ನ ನಗ್ತಾ ಬೇರೆ ಹೇಳಿದಾಳಲ್ಲ, ಎಂಥಾ ಎದೆ ಇರ್ಬೇಕು!"

ಬೀಗಣ್ಣ ಮಾವನಿಗೆ ಫೋನ್ ಮಾಡಿದ. ಸ್ವಿಚ್ ಆಫ್. ಮಾವ ದೊಡ್ಡ ಹೋಟೆಲೊಂದರ ಸ್ವಾಗತ ಕೌಂಟರಿನಲ್ಲಿ ನಿಂತೇ ಆಯಸ್ಸು ಕಳೆದು ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ಊರಿನ ಆ ತುದಿಯಲ್ಲಿ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ಹೆಂಡತಿಗೆ ಗಾಬರಿಯಾಗದಂತೆ ವಿಚಾರಿಸೋಣವೆಂದು ಮನೆಗೆ ಫೋನ್ ತಿರುಗಿಸಿದ.

"ಅಪ್ಪಂದು ಬೆಳಿಗ್ಗೆಯಿಂದ ಫೋನೇ ಹೋಗ್ತಿಲ್ಲ ಕಣ್ರೀ. ಯಾಕೆ, ನಿಮ್ಮ ದನಿ ನಡುಗ್ತಿದೆ?"

"ಏನಿಲ್ಲ ಮಾರಾಯ್ತಿ. ಮಾವ ಸ್ವಲ್ಪ... ಸೇತುವೆ ಮೇಲೆ ಮುರಿದಿದಾರಂತೆ."

ಆ ಕಡೆಯಿಂದ ಬಂದ ಚೀತ್ಕಾರ ಅಕೌಂಟ್ಸ್ ಕೋಣೆಯ ಗಾಜಿಗೂ ಕೇಳಿಸಿತು.

ಮಧ್ಯಾಹ್ನದ ಬಿಡುವಿಗೆ ಕಾಯದೆ ಮೂವರೂ ಆಟೊ ಹಿಡಿದು ಸೇತುವೆಗೆ ಹೋದರು. ಹೆಂಡತಿ ಆಗಲೇ ಅಲ್ಲಿದ್ದಳು, ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದುಬಿಟ್ಟಿದ್ದಳು. ಸೇತುವೆಯ ನಡುಮಧ್ಯ, ಕಂಬಿಗೆ ಒರಗಿಕೊಂಡು, ಮಾವನ ಹಸಿರು ಸ್ಕೂಟರ್ ಒಂಟಿಯಾಗಿ ನಿಂತಿತ್ತು.

ಅದನ್ನು ನೋಡಿದ್ದೇ ಬೀಗಣ್ಣ ಓಡಿಹೋಗಿ ಅದರ ಸೀಟಿನ ಮೇಲೆ ಕೈ ಇಟ್ಟ. ಮದುವೆಯ ಹೊಸತರಲ್ಲಿ ಇದೇ ಸ್ಕೂಟರಿನ ಹಿಂದೆ ಏದುಸಿರು ಬಿಡುತ್ತ ಓಡಿ ಮಾವ ಅವನಿಗೆ ಗಾಡಿ ಕಲಿಸಿದ್ದರು. ಅವನ ಇಂಗ್ಲಿಷನ್ನು ನಾಲ್ಕು ಜನರ ಮುಂದೆ ತಿದ್ದುತ್ತಿದ್ದುದು ನಿಜ. ಆದರೆ ಅವನು ಬೀಳುತ್ತಾನೆಂದಾಗ ಹಿಡಿದುಕೊಂಡವರೂ ಅವರೇ.

ಕೆಳಗೆ ದಡದಲ್ಲಿ ಒಬ್ಬ ಗಾಳ ಹಾಕಿ ಕೂತಿದ್ದ. ಡಿಕ್ಷನರಿ ಕಂಬಿಯಿಂದ ಬಗ್ಗಿ ಕೂಗಿದ. "ಏನಪ್ಪಾ, ನಿನ್ನೆ ಇಲ್ಲಿಂದ ಏನಾದ್ರೂ ಬಿತ್ತಾ?"

"ಸಂಜೆ ಏನೋ ಧಡ್ ಅಂತು. ಏನು ಅಂತ ನೋಡ್ಲಿಲ್ಲ, ನನ್ನ ಮೀನು ತಪ್ಪಿಸ್ಕೊಂಡ ಸಿಟ್ಟಲ್ಲಿದ್ದೆ."

ಇನ್ನೇನು ಬೇಕು! ಹೆಂಡತಿ ಸೆರಗು ಬಿಗಿದಳು. "ಮೇಲ್ವಿಚಾರಕನ ಕುರ್ಚಿ ಆಸೆಗೆ ಬಾಯಿ ಮುಚ್ಕೊಂಡು ಇರ್ತೀರೋ, ಇಲ್ಲ ನಮ್ಮಪ್ಪನ ಪರವಾಗಿ ನಿಲ್ತೀರೋ?"

"ಕುರ್ಚಿ ಹಾಳಾಗ್ಲಿ," ಎಂದ ಬೀಗಣ್ಣ. ಅಷ್ಟು ಗಟ್ಟಿಯಾಗಿ ಅವನು ಮಾತಾಡಿದ್ದನ್ನು ಹೆಂಡತಿಯೂ ಕೇಳಿರಲಿಲ್ಲ.

ಕಾರ್ಖಾನೆಗೆ ಮರಳಿದವನೇ ಧಡಧಡನೆ ಮೆಟ್ಟಿಲು ಹತ್ತಿ ಮೇಡಂ ಕೋಣೆಯ ಬಾಗಿಲು ದೂಡಿದ. ಬೆನ್ನ ಹಿಂದೆ ಸೌಟು, ಡಿಕ್ಷನರಿ, ಪ್ಯಾಕಿಂಗ್ ಅಕ್ಕ.

"ಮೇಡಂ! ಯೂ ರ್‍ಯಾನ್ ಇನ್ ಮೈ ಫಾದರ್ ಇನ್ ಲಾ! ಯೂ ಬ್ರೋಕ್ ಹಿಮ್! ದೆನ್ ಆನ್ ದ ಬ್ರಿಡ್ಜ್ ಯೂ ಥ್ರೂ ಅಪ್!"

ಮೇಡಂ ಬಾಯಿ ತೆರೆದದ್ದು ಹಾಗೇ ನಿಂತಿತು. ಉತ್ತರ ಬಂದದ್ದು ಬಾಗಿಲ ಹಿಂದಿನ ಸೋಫಾದಿಂದ.

"ಥ್ರೂ ಅಪ್ ಅಂದ್ರೆ ವಾಂತಿ ಮಾಡ್ಕೊಂಡ್ರು ಅಂತ ಅರ್ಥ, ಅಳಿಯಂದಿರೇ. ನೀವು ಥ್ರೂ ಆಫ್ ಅನ್ಬೇಕಿತ್ತು."

ಎಲ್ಲರೂ ತಿರುಗಿದರು. ಮಾವ ಇಸ್ತ್ರಿ ಮಾಡಿದ ಕೋಟು ತೊಟ್ಟು, ಕಾಲ ಮೇಲೆ ಕಾಲು ಹಾಕಿ, ಕಾಫಿ ಕುಡಿಯುತ್ತಿದ್ದರು. ಹೆಂಡತಿ "ಅಪ್ಪಾ!" ಎಂದು ಓಡಿಹೋಗಿ ಸೌಟಿನ ಸಮೇತ ಅವರನ್ನು ತಬ್ಬಿಕೊಂಡಳು. ಬೀಗಣ್ಣ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದ.

ಮಾವ ಸಮಾಧಾನವಾಗಿ ಬಿಡಿಸಿ ಹೇಳಿದರು. ರ್‍ಯಾನ್ ಇನ್‌ಟು ಅಂದರೆ ಅಕಸ್ಮಾತ್ತಾಗಿ ಸಿಕ್ಕರು. ಬ್ರೋಕ್ ಡೌನ್ ಆದದ್ದು ಸ್ಕೂಟರ್, ಸೇತುವೆಯ ಮೇಲೆ ಧಡ್ ಎಂದು ಕೆಟ್ಟು ನಿಂತಿತು. ಪಿಕ್ಡ್ ಅಪ್ ಅಂದರೆ ಕಾರಿಗೆ ಹತ್ತಿಸಿಕೊಂಡರು, ಡ್ರಾಪ್ಡ್ ಆಫ್ ಅಂದರೆ ಮನೆಗೆ ಬಿಟ್ಟರು. "ಇಷ್ಟೇ. ಒಂದೂವರೆ ಸಾಲಿನ ವಿಷಯ."

ಎಲ್ಲರ ಕಣ್ಣೂ ಡಿಕ್ಷನರಿಯ ಮೇಲೆ ಬಿತ್ತು. ಅವನು ಚಾವಣಿಯ ಫ್ಯಾನ್ ನೋಡುತ್ತಿದ್ದ.

"ಮತ್ತೆ ಫೋನ್ ಯಾಕೆ ಆಫ್ ಮಾಡಿದ್ರಿ ಮಾವ?" ಎಂದ ಬೀಗಣ್ಣ ಮೂಗು ಒರೆಸಿಕೊಳ್ಳುತ್ತ.

ಮಾವ ಉತ್ತರಿಸುವ ಮೊದಲೇ ಮೇಡಂ ಚೇತರಿಸಿಕೊಂಡು ಹೆಮ್ಮೆಯಿಂದ ಅವರತ್ತ ಕೈ ತೋರಿಸಿದರು. "ಐ ಟುಕ್ ಹಿಮ್ ಆನ್ ದಿಸ್ ಮಾರ್ನಿಂಗ್!"

"ಟುಕ್ ಆನ್ ಅಂದ್ರೆ ಜಗಳಕ್ಕೆ ನಿಂತ್ರು ಅಂತ," ಡಿಕ್ಷನರಿ ಹಿಂದಿನಿಂದ ಪಿಸುಗುಟ್ಟಿದ.

"ಅಯ್ಯೋ, ನಿಮ್ಮ ಜತೆ ಜಗಳಾನೂ ಆಡಿದ್ರಾ ಮಾವ?"

"ಕೆಲಸಕ್ಕೆ ತಗೊಂಡ್ರು ಅಂತ, ಅಳಿಯಂದಿರೇ. ನಿನ್ನೆ ಕಾರಲ್ಲಿ ನನ್ನ ಇಂಗ್ಲಿಷ್ ಕೇಳಿ ಬೆರಗಾಗಿ, ಬೆಳಿಗ್ಗೆ ಇಂಟರ್‌ವ್ಯೂಗೆ ಬನ್ನಿ ಅಂದಿದ್ರು. ಅದಕ್ಕೇ ಫೋನ್ ಆಫ್." ಮಾವ ಕಪ್ಪನ್ನು ಕೆಳಗಿಟ್ಟರು. "ಉಗ್ರಾಣದ ಮೇಲ್ವಿಚಾರಕ."

ಪ್ಯಾಕಿಂಗ್ ಅಕ್ಕ ಮೊದಲು ಸುಧಾರಿಸಿಕೊಂಡು ಮಾವನಿಗೆ ನಮಸ್ಕಾರ ಮಾಡಿದಳು. ಹೆಂಡತಿಯಂತೂ ಹಿಗ್ಗಿ ಹೀರೇಕಾಯಿಯಾದಳು. "ಕುರ್ಚಿ ಮನೆಯವರಿಗೇ ಸಿಕ್ತಲ್ರೀ!"

ಆ ಸಂಜೆ ಬೀಗಣ್ಣ ಬೇಕೆಂದೇ ಎರಡು ಬಸ್ಸು ಬಿಟ್ಟು ನಿಧಾನವಾಗಿ ಮನೆಗೆ ಬಂದ. ಬಾಗಿಲಲ್ಲಿ ದೊಡ್ಡದೊಂದು ಟ್ರಂಕು ಅಡ್ಡವಾಗಿತ್ತು. ಅದನ್ನು ದಾಟಿ ಒಳಗೆ ಕಾಲಿಟ್ಟ. ಅವನು ದಿನಾ ಕೂರುವ ಜಾಗದಲ್ಲಿ ಮಾವ ಕಾಲು ಚಾಚಿ ಕೂತಿದ್ದರು. ಹೆಂಡತಿ ಒಳಕೋಣೆಯಲ್ಲಿ ಹೊಸ ಹಾಸಿಗೆ ಬಿಡಿಸುತ್ತ, "ಅಲ್ಲಿಂದ ಓಡಾಡೋದು ಅಪ್ಪನಿಗೆ ದೂರ ಆಗುತ್ತೆ ಕಣ್ರೀ," ಎಂದಳು.

ಮಾವ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. "ಐ ಮೂವ್ಡ್ ಇನ್. ಇದರ ಅರ್ಥ ಆಯ್ತಾ?"

ಡಿಕ್ಷನರಿಯ ಸಹಾಯವಿಲ್ಲದೆಯೇ ಬೀಗಣ್ಣನಿಗೆ ಥಟ್ಟನೆ ಅರ್ಥವಾಯಿತು.

"ಆಯ್ತು ಮಾ..." ಎಂದವನು ಅರ್ಧಕ್ಕೇ ತಡೆದು, ಬೆನ್ನು ನೆಟ್ಟಗೆ ಮಾಡಿಕೊಂಡ. "ಆಯ್ತು ಸಾರ್."