ಮೂಗಿನ ಮೇಲಿನ ದಾನ

ಎಲ್ಲ ಅನಾಹುತಕ್ಕೂ ಕಾರಣ ಫೋಟೋದವನ ಬಾಯಿಂದ ಬಂದ ಎರಡೇ ಮಾತು: "ಇನ್ನೊಂದ್ಸಲ, ಪ್ಲೀಸ್!"

ಬೆಳಗಿನ ಹತ್ತು ಗಂಟೆ. ದರ್ಜಿಯ ಅಂಗಡಿಯ ಎದುರಿಗೆ ಒಂದು ನೀಲಿ ಪೆಟ್ಟಿಗೆ ನಿಂತಿತ್ತು. ಅದರ ಮೇಲೆ ಎರಡು ದೊಡ್ಡ ಕಣ್ಣುಗಳ ಚಿತ್ರ, ಆ ಕಣ್ಣುಗಳ ನಡುವೆ ಅಂಚೆಪೆಟ್ಟಿಗೆಗಿರುವಂಥ ಬಾಯಿ. ಮನೆಯ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೆಯ ಕನ್ನಡಕವನ್ನು ಆ ಬಾಯಿಗೆ ಹಾಕಿದರೆ ಸಾಕು. ಅದನ್ನು ತೊಳೆದು, ಪವರ್ ಅಳೆದು, ಚೀಟಿ ಅಂಟಿಸಿ ಹಡಗು ಹತ್ತಿಸುತ್ತಾರೆ. ಏಳು ಸಮುದ್ರದಾಚೆ ಯಾರೋ ಒಬ್ಬ ಅಜ್ಜ ಅದನ್ನು ಮೂಗಿಗೇರಿಸಿಕೊಂಡು, ಇಷ್ಟು ದಿನ ಬರೀ ದನಿಯಾಗಿದ್ದ ಮೊಮ್ಮಗಳಿಗೆ ಒಂದು ಮುಖವೂ ಇದೆಯೆಂದು ಕಂಡುಕೊಳ್ಳುತ್ತಾನೆ.

ಈ ಪೆಟ್ಟಿಗೆಯ ಒಡತಿ ಸೂಜಿಯಮ್ಮ. ಮೂವತ್ತೆಂಟು ವರ್ಷ ದಾದಿಯಾಗಿದ್ದು, ಆ ಬೀದಿಯ ಪ್ರತಿಯೊಂದು ತೋಳಿಗೂ ಲಸಿಕೆ ಚುಚ್ಚಿ ನಿವೃತ್ತಳಾದವಳು. ನಿವೃತ್ತಿ ಎನ್ನುವುದು ಸರಕಾರದ ಕಾಗದದ ಮೇಲೆ ಮಾತ್ರ. ಸೋಮವಾರ ಮಕ್ಕಳಿಗೆ ಕೈ ತೊಳೆಯುವ ಪಾಠ, ಬುಧವಾರ ರಕ್ತ ಕೊಡುವವರ ಪಟ್ಟಿ, ಶುಕ್ರವಾರ ದೂರದ ಆಸ್ಪತ್ರೆಗಳ ಹಸುಗೂಸುಗಳಿಗೆ ಉಣ್ಣೆ ಟೋಪಿ. "ಲೋಕಾನ ಉದ್ಧಾರ ಮಾಡೋಕೆ ಲೋಕ ಸುತ್ತಬೇಕಾಗಿಲ್ಲ ಕಣ್ರೋ, ನಿಮ್ಮನೆ ಡ್ರಾಯರ್ ತೆಗೀರಿ ಸಾಕು" ಎನ್ನುತ್ತಿದ್ದಳು. ಆ ಸಂಜೆ ಆರಕ್ಕೆ ಬೀದಿಯ ಜನ ಅವಳಿಗೆ ಸನ್ಮಾನ ಇಟ್ಟುಕೊಂಡಿದ್ದರು. ಜೀವಮಾನವಿಡೀ ಬಿಳಿ ಬಟ್ಟೆ ಉಟ್ಟವಳು ಮೊದಲ ಬಾರಿಗೆ ಬಣ್ಣದ ಕೋಟು ಹೊಲಿಯಲು ಕೊಟ್ಟಿದ್ದಳು, ಕಡುನೀಲಿ. ಐದು ಗಂಟೆಗೆ ಅದು ಅವಳ ಕೈ ಸೇರಬೇಕು. ಒಂದು ತೋಳಿನ ಒಳಪದರ, ಐದು ಗುಂಡಿ ಇನ್ನೂ ಬಾಕಿ.

ದರ್ಜಿಗೆ ನಲವತ್ತೆಂಟು ವರ್ಷ. ಆದರೂ ಸೂಜಿಯಮ್ಮ ಎದುರು ಬಂದರೆ ಅವನ ಎಡತೋಳು ತಾನಾಗಿಯೇ ಬೆನ್ನ ಹಿಂದೆ ಅಡಗುತ್ತಿತ್ತು. ಆರನೇ ವಯಸ್ಸಿನಲ್ಲಿ ಅವಳ ಸೂಜಿಗೆ ಹೆದರಿ ಅವನು ಬಟ್ಟೆ ಕಪಾಟಿನೊಳಗೆ ಕೂತಿದ್ದ. ಅವಳೂ ಕಪಾಟಿನೊಳಗೇ ತೂರಿ, ಅವನ ಪಕ್ಕದಲ್ಲೇ ಕೂತು, "ನೋವಾಗಲ್ಲ ಮಗಾ, ಇರುವೆ ಕಚ್ಚಿದ ಹಾಗೆ ಅಷ್ಟೇ" ಎಂದು ಕತ್ತಲಲ್ಲೇ ಚುಚ್ಚಿದ್ದಳು. ಅಂಥವಳಿಗೆ ಕೊಟ್ಟ ಮಾತು ತಪ್ಪುವುದುಂಟೆ?

ಆವತ್ತು ಬೆಳಗ್ಗೆಯೂ ಅವಳು ಅಂಗಡಿಗೆ ಬಂದವಳೇ ಕೋಟು ತೊಡಿಸಿಟ್ಟಿದ್ದ ಮರದ ಬೊಂಬೆಯ ಭುಜ ತಟ್ಟಿ, "ಏನಯ್ಯಾ, ಸ್ವಲ್ಪ ದಪ್ಪಗಾಗಿದ್ದೀಯಲ್ಲ! ದಿನಾ ನಾಲ್ಕು ಹೆಜ್ಜೆ ನಡಿ" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ಸೂಜಿಯಮ್ಮನ ತಮಾಷೆ ಎಂದರೆ ಹಾಗೇ.

ಆಮೇಲೆ ಪೆಟ್ಟಿಗೆಯ ಸಮಾರಂಭ. ದರ್ಜಿ ತನ್ನ ಹಳೆಯ ಕನ್ನಡಕವನ್ನು ಹೊರತೆಗೆದ. ಅದರ ಒಂದು ಕಾಲು ಮುರಿದು, ಗಿಳಿಹಸಿರು ದಾರದಿಂದ ಬಿಗಿಸಿಕೊಂಡಿತ್ತು. ಹೆಂಡತಿ ಲಾಂಡ್ರಿ ಕೆಲಸಕ್ಕೆ ಹೊರಡುವಾಗ, "ಹಳೇದನ್ನ ಇಟ್ಕೊಳ್ಳಿ, ಯಾವತ್ತಾದ್ರೂ ಬೇಕಾಗುತ್ತೆ" ಎಂದಿದ್ದಳು. ಅವನೆಲ್ಲಿ ಕೇಳುತ್ತಾನೆ! ಆರು ವಾರ ಕಾದು ತರಿಸಿದ, ಮೇಲೆ ದೂರ ಕೆಳಗೆ ಹತ್ತಿರ ಕಾಣುವ, ಚಿನ್ನದಂಚಿನ ಹೊಸ ಕನ್ನಡಕ ನಿನ್ನೆಯಷ್ಟೇ ಮೂಗೇರಿತ್ತು. ಅಜ್ಜಿಕತೆಯ ರಾಕ್ಷಸನ ಪ್ರಾಣ ಗಿಳಿಯೊಳಗೆ ಇದ್ದ ಹಾಗೆ ದರ್ಜಿಯ ಪ್ರಾಣ ಈಗ ಅದರೊಳಗೆ ಇತ್ತು.

ಹಳೆಯದನ್ನು ಪೆಟ್ಟಿಗೆಯ ಬಾಯಿಗೆ ಹಾಕಿದ. ಚಪ್ಪಾಳೆ.

"ಅಯ್ಯೋ, ಫ್ಲ್ಯಾಶ್ ಬರ್ಲಿಲ್ಲ. ಇನ್ನೊಂದ್ಸಲ, ಪ್ಲೀಸ್!" ಎಂದ ಫೋಟೋದವನು.

"ಇನ್ನೊಂದ್ಸಲ ಹಾಕೋಕೆ ಏನಿದೆ? ಹಾಕಿಬಿಟ್ನಲ್ಲ!"

"ಸುಮ್ನೆ ಹಿಡ್ಕೊಳ್ಳಿ ಸಾರ್. ಮೂಗಿನ ಮೇಲಿದೆಯಲ್ಲ, ಅದನ್ನೇ. ಹಾಕೋ ಥರ ಮಾಡಿ, ಹಾಕಬೇಡಿ."

ಬೇಡ ಎನ್ನುವ ವಿದ್ಯೆ ದರ್ಜಿಗೆ ಯಾರೂ ಕಲಿಸಿರಲಿಲ್ಲ. ಹೊಸ ಕನ್ನಡಕ ತೆಗೆದು, ಎರಡೇ ಬೆರಳಲ್ಲಿ ಹಿಡಿದು, ಪೆಟ್ಟಿಗೆಯ ಬಾಯಿಗೆ ತೂಗುಬಿಟ್ಟು ನಕ್ಕ. ಅದೇ ಗಳಿಗೆಗೆ ಪಕ್ಕದಂಗಡಿಯ ಕ್ಷೌರಿಕ, ಅಂದರೆ ದರ್ಜಿಯ ಹೆಂಡತಿಯ ತಮ್ಮ, ಹಿಂದಿನಿಂದ ಬಂದು ಬೆನ್ನಿಗೊಂದು ಪ್ರೀತಿಯ ಗುದ್ದು ಕೊಟ್ಟ. "ಶಭಾಷ್ ಭಾವ!"

ಟಣ್ ಎಂದಿತು ಪೆಟ್ಟಿಗೆ. ಫ್ಲ್ಯಾಶ್ ಈಗ ಚೆನ್ನಾಗಿಯೇ ಬಂತು.

ದರ್ಜಿಯ ಎರಡು ಬೆರಳುಗಳು ಬರೀ ಗಾಳಿಯನ್ನು ಹಿಡಿದಿದ್ದವು. ಆಮೇಲೆ ಕ್ಷೌರಿಕ ಕೂಗಿದ: "ನೋಡಿದ್ರಾ! ಹಳೇದು ಕೊಟ್ಟಿದ್ದು ಸಾಲ್ದು ಅಂತ ಮೂಗಿನ ಮೇಲಿದ್ದದ್ದನ್ನೇ ಕೊಟ್ಟುಬಿಟ್ಟ ನಮ್ಮ ಭಾವ! ಇಂಥ ಮನಸ್ಸು ಯಾರಿಗಿದೆ ಹೇಳಿ!"

ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಯಾರೋ ಕಣ್ಣೊರಸಿಕೊಂಡರು. ಸೂಜಿಯಮ್ಮ ಬಂದು ಅವನ ಕಿವಿ ಹಿಂಡಿ, "ನನ್ನ ಮಗನೇ! ನೀನು ಕಪಾಟಿಂದ ಹೊರಗೆ ಬಂದೆ ಕಣೋ" ಎಂದಳು. ದರ್ಜಿ ಬಾಯಿ ತೆರೆದ. ಆ ಪ್ರೀತಿಯ ಎದುರು, 'ಅಮ್ಮಾ, ಅದು ಕೈಜಾರಿ ಬಿತ್ತು' ಎನ್ನಲು ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ಕಣ್ಣಾಸ್ಪತ್ರೆಯಿಂದ ಬಂದಿದ್ದ ಹುಡುಗಿ ಪೆಟ್ಟಿಗೆಗೆ ಬೀಗ ಜಡಿದು, ಅರಗಿನ ಮುದ್ರೆ ಒತ್ತಿ ವ್ಯಾನು ಹತ್ತಿಸಿಬಿಟ್ಟಳು.

ಲೋಕ ಮಸುಕಾಯಿತು. ಅಂಗಡಿಗೆ ಹಿಂದಿರುಗಿದ ದರ್ಜಿ ಸೂಜಿಗೆ ದಾರ ಪೋಣಿಸಲು ಹೋದ. ಒಂದು ಸೂಜಿ ಮೂರಾಗಿ ಕಂಡಿತು. ಮೂರರಲ್ಲಿ ನಿಜವಾದದ್ದು ಯಾವುದೆಂದು ಪತ್ತೆಹಚ್ಚುವಷ್ಟರಲ್ಲಿ ಅದು ಹೆಬ್ಬೆರಳಿಗೆ ಇಳಿದಿತ್ತು.

"ಆಸ್ಪತ್ರೆಗೆ ಹೋಗಿ ನಿಜ ಹೇಳಿಬಿಡ್ತೀನಿ" ಎಂದುಕೊಂಡು ಗುಟ್ಟಾಗಿ ಹೊರಟ. ಬಾಗಿಲು ಎಂದುಕೊಂಡು ಕನ್ನಡಿಯೊಳಗೆ ಹೋಗಲು ನೋಡಿದ.

"ಭಾವ, ಒಬ್ಬನೇ ಎಲ್ಲಿಗೆ? ಕಣ್ಣು ಕೊಟ್ಟವನನ್ನ ಒಂಟಿಯಾಗಿ ಬಿಡ್ತೀನಾ ನಾನು!" ಎಂದು ಕ್ಷೌರಿಕ ಅರ್ಧ ಬೋಳಿಸಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿಬಂದು ಕೈ ಹಿಡಿದುಕೊಂಡ. ದಾರಿಯುದ್ದಕ್ಕೂ ಎದುರು ಬಂದವರಿಗೆಲ್ಲ ಕತೆ ಹೇಳಿದ. ಮೊದಲ ತಿರುವಿನಲ್ಲಿ ದರ್ಜಿ ಒಂದು ಕನ್ನಡಕ ಕೊಟ್ಟವನಾಗಿದ್ದ, ಎರಡನೆಯ ತಿರುವಿನಲ್ಲಿ ಮೂರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವನು ಮೂರು ತಲೆಮಾರಿನ ಕನ್ನಡಕಗಳನ್ನೆಲ್ಲ ದಾನ ಮಾಡಿಯಾಗಿತ್ತು.

ಅಲ್ಲಿ ಮೇಜಿನ ತುಂಬ ಕನ್ನಡಕ ಹರಡಿಕೊಂಡು ಕಣ್ಣಿನ ಹುಡುಗಿ ಒಂದೊಂದನ್ನೇ ಅಳೆಯುತ್ತಿದ್ದಳು. ದರ್ಜಿ ಬಾಗಿ ಪಿಸುಗುಟ್ಟಿದ: "ತಾಯಿ, ಒಂದು ಮಾತು. ಅದು, ಆ ಚಿನ್ನದಂಚಿಂದು..."

"ಗೊತ್ತು ಸಾರ್, ಗೊತ್ತು!" ಅವಳು ಎದ್ದು ನಿಂತು ಅವನ ಎರಡೂ ಕೈ ಹಿಡಿದುಕೊಂಡಳು. "ಈಗಷ್ಟೇ ನೋಡಿದೆ. ಎಷ್ಟೊಳ್ಳೆ ಕನ್ನಡಕ! ನಾಲ್ಕು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ, ಹೊಸದನ್ನ ಕೊಟ್ಟವರು ನೀವೊಬ್ಬರೇ."

"ನಮ್ಮ ಭಾವ ಹಾಗೇನೇ!" ಎಂದ ಕ್ಷೌರಿಕ.

"ಅಲ್ಲ, ಅದು ವಾಪಸ್..."

"ವಾಪಸ್ ಏನೂ ಬಯಸದೆ ಕೊಟ್ಟಿದ್ದು, ಅದೂ ಗೊತ್ತು ಸಾರ್."

ಮಾತಿನ ದಾರ ತುಂಡಾಯಿತು. ಹುಡುಗಿ ಅವನನ್ನು ಯಂತ್ರದ ಮುಂದೆ ಕೂರಿಸಿ ಗದ್ದ ಹಿಡಿದು ಕಣ್ಣು ಪರೀಕ್ಷಿಸಿದಳು. "ನಿಮ್ಮನ್ನ ಹಾಗೇ ಕಳಿಸೋಕಾಗುತ್ತಾ? ಅಗತ್ಯ ಇರೋರಿಗೆ ಕೊಡೋ ಪಟ್ಟಿಗೆ ನಿಮ್ಮನ್ನೂ ಸೇರಿಸ್ತೀನಿ. ನಿಮ್ಮ ಕಣ್ಣಿಗೆ ಹೊಂದೋದು ಈ ರಾಶಿಯಲ್ಲೇ ಒಂದಿದೆ. ಸಂಜೆ ವೇದಿಕೆ ಮೇಲೆ ಸೂಜಿಯಮ್ಮನ ಕೈಯಿಂದಲೇ ಕೊಡಿಸ್ತೀನಿ."

ದರ್ಜಿಯ ಎದೆ ಹಗುರಾಯಿತು. ನನ್ನ ಕಣ್ಣಿಗೆ ಹೊಂದುವುದು ನನ್ನದಲ್ಲದೆ ಇನ್ನಾರದ್ದು? ಸಂಜೆವರೆಗೆ ತಡೆದರಾಯಿತು. ಮಾನವೂ ಉಳಿಯಿತು, ಕನ್ನಡಕವೂ ಬಂತು.

ಆದರೆ ಕೋಟು ಐದಕ್ಕೇ ಬೇಕಲ್ಲ!

"ಅದಕ್ಯಾಕೆ ಚಿಂತೆ?" ಎಂದ ಕ್ಷೌರಿಕ, ಬೀದಿಗೆ ಮರಳಿದೊಡನೆ ತನ್ನ ಅಂಗಡಿಯ ಡ್ರಾಯರನ್ನೇ ಕಿತ್ತು ತಂದ. ಗಿರಾಕಿಗಳು ಮರೆತುಹೋದ ಕನ್ನಡಕಗಳೆಲ್ಲ ಅದರಲ್ಲಿದ್ದವು. ಮೊದಲನೆಯದರಲ್ಲಿ ಕತ್ತರಿ ಆನೆಯಷ್ಟಾಯಿತು. ಎರಡನೆಯದರಲ್ಲಿ ನೆಲ ಎದ್ದು ಎದೆಗೆ ಬಂತು, ದರ್ಜಿ ಇಲ್ಲದ ಮೆಟ್ಟಿಲು ಹತ್ತಲು ಕಾಲೆತ್ತಿ ಬಟ್ಟೆ ರಾಶಿಯೊಳಗೆ ಮಗುಚಿಕೊಂಡ. ಕೊನೆಗೆ ಸಿಕ್ಕಿದ್ದು ಕಪ್ಪು ಗಾಜಿನ, ದಪ್ಪ ಚೌಕಟ್ಟಿನದು. ಹಾಕಿದೊಡನೆ ಹಗಲು ಆರಿಹೋಯಿತು. ಆದರೆ ಆಶ್ಚರ್ಯ! ಆ ಕತ್ತಲಲ್ಲಿ ಸೂಜಿಯ ಕಣ್ಣು ಸ್ಪಷ್ಟವಾಗಿ ಕಂಡಿತು.

"ಇದು ಸಾಕು! ನೀನು ದಾರ ಕೊಡು."

"ಯಾವ ದಾರ ಭಾವ?"

"ಬಲಗಡೆ ಕೊನೇದು. ನಾನು ರೀಲನ್ನ ಯಾವತ್ತೂ ಅಲ್ಲೇ ಇಡೋದು." ಹಳೆಯ ಕನ್ನಡಕದ ಕಾಲು ಕಟ್ಟಿದ ದಿನ ರೀಲುಗಳು ಅದಲುಬದಲಾದದ್ದು ಅವನಿಗೆಲ್ಲಿ ನೆನಪಿರಬೇಕು?

ಕ್ಷೌರಿಕ ಬಲಗಡೆಯ ಕೊನೆಯದನ್ನೇ ತೆಗೆದುಕೊಟ್ಟ. ಹುಬ್ಬೇರಿಸಿದ. ಭಾವ ಏನಾದರೂ ಹೊಸ ಫ್ಯಾಷನ್ ಮಾಡುತ್ತಿರಬಹುದು, ದೊಡ್ಡ ಮನಸ್ಸಿನವರ ಕೆಲಸದಲ್ಲಿ ತಾನೇಕೆ ಬಾಯಿಹಾಕಲಿ ಎಂದು, ಹುಟ್ಟಿದ ಮೇಲೆ ಮೊದಲ ಬಾರಿಗೆ ಸುಮ್ಮನಾದ.

ಐದಕ್ಕೆ ಐದು ನಿಮಿಷವಿರುವಾಗ ದರ್ಜಿ ಸೂಜಿಯಮ್ಮನ ಮನೆ ಬಾಗಿಲು ಬಡಿದ. ಅವಳು ಕೋಟನ್ನು ತೊಡೆಯ ಮೇಲೆ ಹರಡಿ ಬೆರಳುಗಳಲ್ಲಿ ಸವರಿದಳು. ಹೊಲಿಗೆ ಸವರಿದಳು, ಕತ್ತುಪಟ್ಟಿ ಸವರಿದಳು, ಒಂದೊಂದು ಗುಂಡಿಯನ್ನೂ ಹಿಡಿದು ಎಳೆದು ನೋಡಿದಳು.

"ಬಿಗಿಯಾಗಿದೆ ಕಣೋ. ಸೊಗಸಾಗಿದೆ."

ದರ್ಜಿ ಉಸಿರು ಬಿಟ್ಟ. ಇನ್ನು ಒಂದೇ ಗಂಟೆ. ಕತ್ತಲ ಕನ್ನಡಕವನ್ನು ಕ್ಷೌರಿಕನಿಗೆ ಒಪ್ಪಿಸಿ, ಮಂಜಿನಲ್ಲಿ ತೇಲುತ್ತ ಸಭಾಂಗಣದ ಮುಂದಿನ ಸಾಲಿನಲ್ಲಿ ಹೋಗಿ ಕೂತ. ಲಾಂಡ್ರಿಯಿಂದ ನೇರವಾಗಿ ಬಂದ ಹೆಂಡತಿ ಪಕ್ಕದಲ್ಲಿ ಕೂತಳು. ಅವನ ಬರಿಮೂಗು ನೋಡಿದವಳೇ, "ಎಲ್ಲಾ ಕೇಳ್ದೆ. ಮನೆಗೆ ಬನ್ನಿ, ಮಾತಾಡೋಣ" ಎಂದಳು.

ಕಣ್ಣಿನ ಹುಡುಗಿ ಮೈಕು ಹಿಡಿದಳು. "ಕೊಟ್ಟು ಕೊಟ್ಟು ತಾನೇ ಬರಿಗಣ್ಣಾದ ನಮ್ಮ ದರ್ಜಿ ಸಾರ್ ವೇದಿಕೆಗೆ ಬರಬೇಕು!"

ಅವನು ಕುರ್ಚಿಗಳನ್ನು ತಡವುತ್ತ ಹತ್ತಿದ. ಸೂಜಿಯಮ್ಮ ಅವನ ಮೂಗು ಹುಡುಕಿ, ಮೊದಲು ಹಣೆಗೆ, ಆಮೇಲೆ ಮೂಗಿಗೆ ಕನ್ನಡಕ ಏರಿಸಿದಳು. ಕಿವಿಗೆ ಏನೋ ಕಚಗುಳಿಯಾಯಿತು. ಮುಟ್ಟಿ ನೋಡಿಕೊಂಡ. ದಾರ! ಗಿಳಿಹಸಿರು ದಾರ! ಅವನದೇ ಹಳೆಯ, ಕಾಲು ಮುರಿದ ಕನ್ನಡಕ ಎಂಟು ತಾಸು ಊರೂರು ತಿರುಗಿ ಮನೆಗೆ ಬಂದ ಬೆಕ್ಕಿನಂತೆ ಅವನ ಮೂಗಿನ ಮೇಲೆ ಬಂದು ಕೂತಿತ್ತು.

"ಅಳತೆ ಹೊಂದ್ತಲ್ಲ ಸಾರ್?" ಎಂದಳು ಹುಡುಗಿ ಹೆಮ್ಮೆಯಿಂದ.

"ಹೊಂ... ಹೊಂದ್ತು. ಮತ್ತೆ ಆ ಚಿನ್ನದಂಚಿಂದು? ಹಡಗು ಹತ್ತಿತಾ?"

ಹುಡುಗಿ ಸಭೆಯ ಕಡೆ ತಿರುಗಿದಳು. "ಈಗ ಒಂದು ಗುಟ್ಟು. ನಾಲ್ಕು ವರ್ಷದ ಹಿಂದೆ ಈ ಪೆಟ್ಟಿಗೆಗೆ ಬಿದ್ದ ಮೊದಲ ಕನ್ನಡಕ ಯಾರದ್ದು ಗೊತ್ತಾ? ಸೂಜಿಯಮ್ಮಂದು. ನಾಳೆ ಹೊಸದು ಮಾಡಿಸ್ಕೋತೀನಿ ಅಂದ್ರು. ಆ ನಾಳೆ ಇವತ್ತಿನವರೆಗೂ ಬರಲಿಲ್ಲ. ಇವತ್ತು ಪೆಟ್ಟಿಗೇಲಿ ಅವರ ಕಣ್ಣಿಗೆ ಹೇಳಿ ಮಾಡಿಸಿದಂಥದ್ದು ಒಂದು ಸಿಕ್ತು!"

ಸಭೆಯೆಲ್ಲ ಎದ್ದು ನಿಂತಿತು. ಮರದ ಬೊಂಬೆಯ ಭುಜ ತಟ್ಟಿದ್ದು ತಮಾಷೆಯಾಗಿರಲಿಲ್ಲ ಎಂದು ದರ್ಜಿಗೆ ಆಗ ಹೊಳೆಯಿತು.

ಚಿನ್ನದಂಚು ಸೂಜಿಯಮ್ಮನ ಮೂಗಿನ ಮೇಲೆ ಮಿಂಚಿತು. ಅವಳು ರೆಪ್ಪೆ ಬಡಿದಳು. ನಿಧಾನವಾಗಿ ತಲೆಯೆತ್ತಿ ದೀಪಗಳನ್ನು ನೋಡಿದಳು, ಸಾಲುಸಾಲು ಮುಖಗಳನ್ನು ನೋಡಿದಳು. ಕೊನೆಗೆ ದರ್ಜಿಯತ್ತ ತಿರುಗಿ ಅವನ ಕೆನ್ನೆ ಹಿಡಿದಳು.

"ಅಯ್ಯೋ ಮಗಾ, ನಿನ್ನ ಕೂದಲು ಯಾವಾಗ ಬೆಳ್ಳಗಾಯ್ತೋ? ನನಗೆ ಯಾರೂ ಹೇಳ್ಲೇ ಇಲ್ವಲ್ಲ!"

ನಾಲಿಗೆಯ ತುದಿಗೆ ಬಂದಿದ್ದ ಮಾತನ್ನು ದರ್ಜಿ ಗಂಟಲಿಗೆ ವಾಪಸ್ಸು ಕಳಿಸಿದ. ಆರು ವಾರದ ಕಾಯುವಿಕೆಯೂ ಅದರ ಹಿಂದೆಯೇ ಇಳಿದುಹೋಯಿತು.

ಆಮೇಲೆ ಅವಳು ತನ್ನ ಹೊಸ ಕೋಟನ್ನು ಮೇಲಿಂದ ಕೆಳಗೆ ನೋಡಿಕೊಂಡಳು. ಅವಳ ನೋಟದ ಜತೆ ದರ್ಜಿಯದೂ ಇಳಿಯಿತು. ಕಡುನೀಲಿ ಬಟ್ಟೆಯ ಮೇಲೆ ಐದು ಗುಂಡಿಗಳು, ಐದಕ್ಕೂ ಐದು ಗಿಳಿಮರಿ ಕೂತಂತೆ ಹಸಿರು ದಾರ. ಅವನದೇ ಕನ್ನಡಕದಿಂದ ಅವನದೇ ತಪ್ಪನ್ನು ಅವಳು ಎಣಿಸಿ ಎಣಿಸಿ ನೋಡಿದಳು.

"ಇದೇನೋ ಇದು?"

"ಹೊಸ ಫ್ಯಾಷನ್ನಮ್ಮಾ!" ಎಂದು ಮುಂದಿನ ಸಾಲಿನಿಂದ ಕ್ಷೌರಿಕ ಕೂಗಿದ.

ಸೂಜಿಯಮ್ಮ ಒಂದು ಗುಂಡಿಯನ್ನು ಹೆಬ್ಬೆರಳಲ್ಲಿ ಸವರಿದಳು. "ಮೂವತ್ತೆಂಟು ವರ್ಷ ಬರೀ ಬಿಳಿ ನೋಡಿದ ಕಣ್ಣು. ಇರಲಿ ಬಿಡು, ಚೆನ್ನಾಗಿದೆ" ಎಂದಳು. ಮತ್ತೆ ಅವನ ಮುಖಕ್ಕೆ ಬಾಗಿ, "ಯಾಕೋ, ಕಣ್ಣಲ್ಲಿ ನೀರು? ನೋವಾಗ್ತಿದೆಯಾ?"

"ಇಲ್ಲಮ್ಮಾ. ಇರುವೆ ಕಚ್ಚಿದ ಹಾಗೆ, ಅಷ್ಟೇ."

ವೇದಿಕೆಯ ಕೆಳಗಿನಿಂದ ಹೆಂಡತಿಯ ಪಿಸುಮಾತು ಸಭೆಗೆಲ್ಲ ಕೇಳಿಸಿತು: "ಹೇಳಿರ್ಲಿಲ್ವಾ, ಹಳೇದು ಬೇಕಾಗುತ್ತೆ ಅಂತ!"

ಆಗ ಫೋಟೋದವನು ಕ್ಯಾಮೆರಾದ ಹಿಂದಿನಿಂದ ತಲೆ ಹೊರಹಾಕಿದ.

"ಫ್ಲ್ಯಾಶ್ ಬರ್ಲಿಲ್ಲ. ದರ್ಜಿ ಸಾರ್, ಆ ಕನ್ನಡಕ ತೆಗೆದು ಅಮ್ಮನ ಕೈಗೆ ಕೊಡಿ. ಇನ್ನೊಂದ್ಸಲ, ಪ್ಲೀಸ್!"

ದರ್ಜಿ ಎರಡೂ ಕೈಯಲ್ಲಿ ಕನ್ನಡಕವನ್ನು ಮೂಗಿಗೆ ಒತ್ತಿ ಹಿಡಿದುಕೊಂಡ. ಆರನೇ ವಯಸ್ಸಿನಲ್ಲಿ ಕಪಾಟು ಹುಡುಕಿ ಓಡಿದ್ದಕ್ಕಿಂತ ಜೋರಾಗಿ ವೇದಿಕೆ ಇಳಿದು ಓಡಿದ.